ಉಳವಪ್ಪ ಮಾಸ್ತರರು ಜಿಮಖಾನಾ ಬಿಟ್ಟ ದಿನ

ಉಳವಪ್ಪ ಮಾಸ್ತರರಿಗೆ ಕೆಲಸ ಬಿಡುವ ಮನಸ್ಸಿತ್ತು. ಬಿಡುವುದು ಹೇಗೆಂದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ನಮ್ಮ ಗದಗಿನ ಕಾಲೇಜಿನಲ್ಲಿ ಆಟೋಟಗಳಿಗೆಲ್ಲ ಅವರೇ ಮುಖ್ಯಸ್ಥರು. ಆ ಹುದ್ದೆಗೆ ಉದ್ದನೆಯ ಇಂಗ್ಲಿಷ್ ಹೆಸರೊಂದಿತ್ತಂತೆ. ಅದನ್ನು ಯಾರೂ ಅನ್ನುತ್ತಿರಲಿಲ್ಲ, ಊರಿಗೆಲ್ಲ ಅವರು ಜಿಮಖಾನಾ ಮಾಸ್ತರರು. ಹರೆಯದಲ್ಲಿ ಹೆಸರಾದ ಪೈಲವಾನರು. ಈಗ ಎರಡೂ ಮೊಣಕಾಲು ಹೋಗಿದ್ದವು. ಹುಡುಗರಿಗೆ ಬೈಠಕ್ ತೋರಿಸಲೆಂದು ಮೈದಾನದಲ್ಲಿ ಕೂತರೆ, ಏಳುವುದಕ್ಕೆ ಜವಾನ ಖಾಸಿಂಸಾಬ ಬಂದು ಕೈ ಕೊಡಬೇಕು. ಅವನು ಬರುವ ತನಕ ಮಾಸ್ತರರು ಕೂತಲ್ಲಿಂದಲೇ ಪಾಠ ಮುಂದುವರಿಸುತ್ತಿದ್ದರು.

"ನೋಡ್ರಿಲೇ, ಕುಂಡ್ರೂದು ಹಿಂಗ. ಏಳೂದನ್ನ ಹೇಮಪ್ಪ ತೋರಸ್ತಾನ."

ಆ ಏಳುವುದನ್ನು ತೋರಿಸುವವರು ನಮ್ಮ ಮನೆಯವರು.

ನಮ್ಮ ಮನೆಯವರು ಮಾಸ್ತರರ ಕೈಯಲ್ಲೇ ಆಡಿ ಬೆಳೆದವರು. ಮುಂಬಯಿಗೆ ಹೋಗಿ ವ್ಯಾಯಾಮ ಶಿಕ್ಷಣದ ತರಬೇತಿ ಮುಗಿಸಿ ಬಂದು ಅವರಿಗೇ ಸಹಾಯಕರಾಗಿದ್ದರು. ಖೋ ಖೋ ಆಟದಲ್ಲಿ ಅವರನ್ನು ಮುಟ್ಟುವವರು ಧಾರವಾಡದ ಈಚೆಗೆ ಯಾರೂ ಇಲ್ಲ ಎಂದು ಹುಡುಗರು ಹೇಳಿಕೊಂಡು ತಿರುಗುತ್ತಿದ್ದರು. ಆದರೆ ಸಹಾಯಕರ ಕೆಲಸ ಕಾಯಂ ಅಲ್ಲ. ಆ ವರ್ಷ ಸೋಲಾಪುರದ ಒಂದು ಗಿರಣಿಯವರು ತಮ್ಮ ಖೋ ಖೋ ತಂಡಕ್ಕೆ ಆಟಗಾರರನ್ನು ಹುಡುಕುತ್ತಿದ್ದರು. ತಂಡದಲ್ಲಿ ಆಡಿದರೆ ಗಿರಣಿಯಲ್ಲಿ ಕಾಯಂ ಕೆಲಸ, ಇರಲು ಚಾಳಿನಲ್ಲಿ ಒಂದು ಖೋಲಿ. ದೀಪಾವಳಿ ಮುಗಿದ ಕೂಡಲೇ ಬರಬೇಕೆಂದು ಇವರಿಗೆ ಹೇಳಿಕಳಿಸಿದ್ದರು.

ಮಾಸ್ತರರು ಬಿಟ್ಟರೆ ಅವರ ಜಾಗ ನಮ್ಮ ಮನೆಯವರಿಗೆ, ನಾವು ಗದಗಿನಲ್ಲೇ. ಬಿಡದಿದ್ದರೆ ಸೋಲಾಪುರ.

ನಾನು ಬಿಂಕದಕಟ್ಟಿಯವಳು. ನಾಲ್ಕನೆಯ ಇಯತ್ತೆಗೆ ನನ್ನ ಶಾಲೆ ಬಿಡಿಸಿದ್ದರು. ಮದುವೆಯಾಗಿ ಗದಗಿಗೆ ಬಂದಾಗ ಓಣಿಯ ಹೆಂಗಸರು ಏನಾದರೂ ಕೇಳಿದರೆ ಸೆರಗು ಕಚ್ಚಿ ನೆಲ ನೋಡುತ್ತಿದ್ದೆ. ಸ್ವಲ್ಪ ದಿನ ನೋಡಿ ಅವರೂ ಬಿಟ್ಟರು. ಪಕ್ಕದ ಮನೆ ಮಾಸ್ತರರದು. ಅವರ ಹೆಂಡತಿ ನೀಲಗಂಗವ್ವ ಒಂದು ದಿನ ಒಂದು ಮೊರ ಶೇಂಗಾ ತಂದು ನನ್ನ ಮುಂದಿಟ್ಟು, ಏನನ್ನೂ ಕೇಳದೆ, ತಾವೂ ಎದುರಿಗೆ ಕೂತು ಸುಲಿಯತೊಡಗಿದರು. ಮೊರ ಖಾಲಿಯಾಗುವ ಹೊತ್ತಿಗೆ ಮಾತಾಡುತ್ತಿದ್ದವಳು ನಾನೇ. ಸೋಲಾಪುರದ ಚಾಳಿನಲ್ಲಿ ಹಾಗೆ ಬಂದು ಕೂಡುವವರು ಯಾರಿದ್ದಾರು? ಅದೂ ನವೆಂಬರ್ ಒಂದಕ್ಕೆ ಕರ್ನಾಟಕ ಒಂದಾಗುತ್ತದೆ, ಸೋಲಾಪುರ ಆಚೆಯ ರಾಜ್ಯದಲ್ಲಿ ಉಳಿಯುತ್ತದೆ ಎಂದು ಎಲ್ಲರ ಬಾಯಲ್ಲೂ ಮಾತು. ಊರೂರುಗಳು ಒಂದುಗೂಡುವ ಹೊತ್ತಿಗೆ ನಾನೊಬ್ಬಳು ಗಂಟು ಕಟ್ಟಿಕೊಂಡು ಹೊರಗೆ ನಡೆಯಬೇಕೇ ಎಂದು ಒಲೆಯ ಮುಂದೆ ಕೂತು ಅತ್ತದ್ದಿದೆ. ಯಾರಾದರೂ ನೋಡಿದರೆ ಹೊಗೆ ಎನ್ನುತ್ತಿದ್ದೆ.

ನಮ್ಮ ಮನೆಯವರಿಗೂ ಹೋಗುವ ಮನಸ್ಸಿರಲಿಲ್ಲ. ಅವರು ಬಾಯಿಬಿಟ್ಟು ಹೇಳಿರಲಿಲ್ಲ, ನಾನು ನೋಡಿ ತಿಳಿದುಕೊಂಡಿದ್ದೆ. ಸಂಜೆ ಹುಡುಗರೆಲ್ಲ ಹೋದ ಮೇಲೆ ಅವರು ಖೋ ಖೋ ಕಂಬಗಳ ಮೇಲೆ ಅಂಗೈ ಆಡಿಸಿ, ಎಲ್ಲಿಯಾದರೂ ಸಿಬಿರು ಎದ್ದಿದೆಯೇ ಎಂದು ನೋಡುತ್ತಿದ್ದರು. ಬಿಟ್ಟು ಹೋಗುವವರು ಹಾಗೆ ನೋಡುವುದಿಲ್ಲ. ಆದರೆ ಮಾಸ್ತರರ ಜಾಗದ ಮಾತು ತೆಗೆದರೆ ಸಾಕು, ತಾಟು ಸರಿಸಿ ಎದ್ದುಬಿಡುವರು.

"ಗುರುಗಳು ಗಟ್ಟಿಮುಟ್ಟಾಗಿ ಕುಂತಾಗ ಅವರ ಕುರ್ಚಿ ಮ್ಯಾಲೆ ಕುಂಡ್ರೂ ಮಗಾ ನಾ ಅಲ್ಲ."

ಒಮ್ಮೆ ಇದನ್ನು ಗೋಡೆಯ ಆಚೆಯಿಂದ ಮಾಸ್ತರರು ಕೇಳಿಸಿಕೊಂಡರು.

"ಗಟ್ಟಿಮುಟ್ಟು ಎಲ್ಲಿ ಬಂತಲೇ? ಕುಂತದ್ದಷ್ಟ ಖರೆ!"

ಅವರಿಗೆ ಲಕ್ಷ್ಮೇಶ್ವರಕ್ಕೆ ಹೋಗುವ ಆಸೆ. ಅಲ್ಲಿ ಅವರ ಅಣ್ಣನ ಗರಡಿಮನೆ ಬಾಗಿಲು ಹಾಕಿಕೊಂಡಿತ್ತು. ಅದನ್ನು ತೆರೆದು, ಮಣ್ಣು ಹದ ಮಾಡಿಸಿ, ಕಟ್ಟೆಯ ಮೇಲೆ ಕೂತು ಸಣ್ಣ ಹುಡುಗರಿಗೆ ಪಟ್ಟು ಹೇಳಿಕೊಡಬೇಕು. "ಕಾಲೇಜಿನ್ಯಾಗ ನಿಂತ ಬೈಬೇಕು. ಗರಡ್ಯಾಗ ಕುಂತ ಬೈಬಹುದು," ಎಂದು ಅವರು ನಗುತ್ತಿದ್ದರು. ಈ ಮಾತು ಆಡುವಾಗಲೆಲ್ಲ ಅವರ ಮುಖದಲ್ಲಿ ಹೊಸ ಅಂಗಿ ತೊಟ್ಟ ಹುಡುಗನ ಕಳೆ ಬರುತ್ತಿತ್ತು.

ಅಡ್ಡ ನಿಂತವರು ಚನ್ನಬಸವಣ್ಣ ಸಾವಕಾರರು. ಅವರು ದೊಡ್ಡ ಹತ್ತಿ ವ್ಯಾಪಾರಿ, ಕಾಲೇಜಿನ ಚೇರಮನ್ನರು. ಹುಡುಗರಾಗಿದ್ದಾಗ ಅವರೂ ಮಾಸ್ತರರೂ ಒಂದೇ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡವರು. ಉಳವಪ್ಪನಿಲ್ಲದ ಕಾಲೇಜು ಅವರಿಗೆ ಬೇಕಿರಲಿಲ್ಲ. ಉಳವಪ್ಪನನ್ನು ಹೇಗೆ ಕಟ್ಟಿಹಾಕಬೇಕೆಂಬುದೂ ಅವರಿಗೆ ಗೊತ್ತಿತ್ತು.

ಗರಡಿಯವರಿಗೆ ವೀಳ್ಯವೆಂದರೆ ಬರೀ ಎಲೆ ಅಡಿಕೆಯಲ್ಲ. ಕುಸ್ತಿಗೆ ಕರೆಯುವವನು ವೀಳ್ಯ ಚಾಚುತ್ತಾನೆ, ತೆಗೆದುಕೊಂಡವನು ಒಪ್ಪಿಕೊಂಡಂತೆ. ಚಾಚಿದ ವೀಳ್ಯ ಬಿಟ್ಟು ಎದ್ದರೆ ಪೈಲವಾನನ ಮರ್ಯಾದೆ ಹೋಯಿತು. ಮಾಸ್ತರರು ತಮ್ಮ ಜೀವಮಾನದಲ್ಲಿ ಯಾರ ವೀಳ್ಯವನ್ನೂ ಬಿಟ್ಟವರಲ್ಲ.

ದಸರೆ ಮುಗಿದ ಮರುದಿನ ಅವರು ಕೋಟು ಹಾಕಿಕೊಂಡು ಸಾವಕಾರರ ಮನೆಗೆ ರಾಜೀನಾಮೆಯ ಮಾತಾಡಲು ಹೋದರು. ಮಧ್ಯಾಹ್ನ ತಿರುಗಿ ಬಂದರು. ನಾನೂ ನೀಲಗಂಗವ್ವನೂ ಕಟ್ಟೆಯ ಮೇಲೆ ಕೂತಿದ್ದೆವು. ಅವರ ತುಟಿ ಕೆಂಪಗಿದ್ದವು.

"ತಗೊಂಡ್ರಿ?" ಎಂದರು ನೀಲಗಂಗವ್ವ.

"ತಗೊಂಡೆ."

"ಎಷ್ಟ ದಿನಕ್ಕ?"

"ಇನ್ನೊಂದು ವರ್ಷಕ್ಕ." ಮಾಸ್ತರರು ಕೋಟು ಬಿಚ್ಚಿ ಗೂಟಕ್ಕೆ ಹಾಕಿದರು. "ಹೋಳಿಗಿ ಊಟ ಹಾಕಿದ. ಮ್ಯಾಲೆ ಎಲಿ ಮಡಚಿ ಕೈಯಾಗ ಹಿಡದು, ಇನ್ನೊಂದು ವರ್ಷ ಉಳವಪ್ಪಾ, ಅಂದ. ಕೈ ತಾನ ಮುಂದ ಹೋತು."

"ಕೈಗೆ ಏನ ಗೊತ್ತು ಪಾಪ. ಅದರ ಹಿಂದ ತಲಿ ಅಂತ ಒಂದಿರತೈತಿ," ಎಂದು ನೀಲಗಂಗವ್ವ ಒಳಗೆ ಹೋದರು.

ಎರಡನೆಯ ಸಲದ ಉಪಾಯ ನೀಲಗಂಗವ್ವನವರದೇ. ಬಾಯಲ್ಲಿ ಒಂದು ಎಲೆ ಇರುವಾಗ ಇನ್ನೊಂದನ್ನು ಯಾರೂ ಚಾಚುವುದಿಲ್ಲ ಎಂದು ಅವರೇ ನಾಲ್ಕಾರು ಎಲೆ ಸೇರಿಸಿ, ಅಡಿಕೆ ತುಂಬಿ, ಮುಷ್ಟಿಯಷ್ಟು ದಪ್ಪ ಮಡಚಿ ಗಂಡನ ಬಾಯಿಗೆ ತುರುಕಿ ಸಾವಕಾರರ ಅಂಗಡಿಗೆ ಕಳಿಸಿದರು. ಜೊತೆಗೆ ಖಾಸಿಂಸಾಬ ಹೋದ. ಆಮೇಲೆ ನಡೆದದ್ದನ್ನು ನಮ್ಮ ಕಟ್ಟೆಯ ಮೇಲೆ ಅಭಿನಯಿಸಿ ತೋರಿಸಿದವನೂ ಅವನೇ.

"ಅಂಗಡ್ಯಾಗ ಹಾಲಿನಂಥಾ ಬಿಳಿ ಗಾದಿ ಹಾಸ್ಯಾರ್ರಿ ಅಕ್ಕಾರ. ಉಗುಳಾಕ ಜಾಗಿಲ್ಲ, ನುಂಗಾಕ ಆಗಂಗಿಲ್ಲ. ಸರ್ ಗಲ್ಲ ಪುಗ್ಗಾ ಆಗ್ಯಾವು. ಸಾವಕಾರ್ರು ಕೇಳಿದ್ರು, ಉಳವಪ್ಪಾ, ಮತ್ತ ಕೆಲಸ ಬಿಡೂ ಮಾತೇನಾರ ತಂದಿಯೇನು? ಸರ್ ಏನಂದ್ರು ಅಂತೀರಿ? ಉಂ!" ಅವನು ಗಲ್ಲ ಉಬ್ಬಿಸಿ, ಕಣ್ಣು ಮೇಲೆ ಮಾಡಿ ತಲೆ ಅಲ್ಲಾಡಿಸಿದ. "ತಲಿ ಹಿಂಗ ಅಡ್ಡ ಹೋತೋ ಹಂಗ ಉದ್ದ ಹೋತೋ ದೇವರಿಗೇ ಗೊತ್ತು. ಸಾವಕಾರ್ರು, ಇಲ್ಲ ಅಂದ್ಯಾ, ಛಲೋ ಆತು, ಅಂದ್ಬಿಟ್ರು. ರಾಜ್ಯ ಒಂದಾಗೂ ದಿನ ಆಟದ ಸ್ಪರ್ಧಾ ನೀನ ನಡಸಬೇಕು ಅಂದ್ರು. ಅದಕ್ಕೂ ಉಂ!"

ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ದಿನ ಎಣಿಸಿದೆ. ದೀಪಾವಳಿಗೆ ಇನ್ನೊಂದೇ ವಾರವಿತ್ತು. ನಮ್ಮ ಮನೆಯವರು ಆಗಲೇ ರೈಲಿನ ಹೊತ್ತು ವಿಚಾರಿಸಿ ಬಂದಿದ್ದರು.

ಮರುದಿನ ನೀಲಗಂಗವ್ವ ಗೋಡೆಯ ಬಳಿಗೆ ಕರೆದು ಕಿವಿಯಲ್ಲಿ ಹೇಳಿದರು. "ಮಂಜವ್ವ, ಯಾರ ಮುಂದೂ ಅನ್ನಬ್ಯಾಡ. ಇವರು ರುಮಾಲ ಸುತ್ತೂದು ಅಂತ ಮಾಡ್ಯಾರ."

ಗರಡಿಯ ಗುರು, ವಸ್ತಾದನಾದವನು, ಹಿಂದೆ ಸರಿಯುವಾಗ ನಾಲ್ಕು ಜನರೆದುರು ಮಣ್ಣಿನಲ್ಲಿ ನಿಂತು, ತನ್ನ ತಲೆಯ ರುಮಾಲು ಬಿಚ್ಚಿ ಶಿಷ್ಯನ ತಲೆಗೆ ಸುತ್ತುತ್ತಾನೆ. ಅಲ್ಲಿಗೆ ಮುಗಿಯಿತು. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ಮೊದಲು ತೆಗೆದುಕೊಂಡ ವೀಳ್ಯವೂ ಅಡ್ಡ ಬರುವುದಿಲ್ಲ, ಸುತ್ತಿದ್ದನ್ನು ಯಾರೂ ಬಿಚ್ಚುವಂತಿಲ್ಲ. ಸಾವಕಾರರೂ ಗರಡಿಯವರೇ, ಅವರೂ ಬಿಚ್ಚಲಾರರು. "ಬಾಯಿ ನನ್ನ ಮಾತ ಕೇಳವಲ್ದು, ಈ ಸಲ ಕೈಲೆ ಮಾಡ್ತೀನಿ," ಎಂದಿದ್ದರಂತೆ ಮಾಸ್ತರರು.

"ನೀವು ಲಕ್ಷ್ಮೇಶ್ವರಕ್ಕ ಹ್ವಾದ್ರ ನನಗ್ಯಾರದಾರ್ರಿ ಅಕ್ಕಾರ?" ಎಂದೆ.

"ಹುಚ್ಚಿ. ಮುಂಜಾನೆ ಬಸ್ ಹತ್ತಿದ್ರ ರೊಟ್ಟಿ ಹೊತ್ತಿಗೆ ನಿನ್ನ ಒಲಿ ಮುಂದ ಇರ್ತೀನಿ. ಸೋಲಾಪುರಕ್ಕ ಬರಾಕ ನನಗ ಆದೀತೇನು? ನಿನ್ನ ಗಂಡಗ ಮಾತ್ರ ಹೇಳಬ್ಯಾಡ ನೋಡು. ಗೊತ್ತಾದ್ರ ಇವತ್ತ ಗಾಡಿ ಹತ್ತತಾನ."

ನಾನು ಹೇಳಲಿಲ್ಲ. ಸುಮ್ಮನಿರುವುದು ನನಗೆ ಕಷ್ಟದ ಕೆಲಸವಾಗಿರಲಿಲ್ಲ.

ಆ ವರ್ಷ ದೀಪಾವಳಿಯೂ ರಾಜ್ಯದ ಹಬ್ಬವೂ ಒಂದನ್ನೊಂದು ಹಿಡಿದುಕೊಂಡೇ ಬಂದವು. ನವೆಂಬರ್ ಒಂದರ ಬೆಳಗಿಗೆ ಊರೆಲ್ಲ ಎಣ್ಣೆ ಹಚ್ಚಿಕೊಂಡು ಎರೆದುಕೊಂಡು ಬೀದಿಯಲ್ಲಿತ್ತು. ಬೆಟಗೇರಿಯ ನೇಕಾರರು ಬಣ್ಣದ ನೂಲಿನ ತೋರಣ ಕಟ್ಟಿದ್ದರು. ಮುಂಡರಗಿಯಿಂದ, ಶಿರಹಟ್ಟಿಯಿಂದ ಜನ ಗಾಡಿ ಕಟ್ಟಿಕೊಂಡು ಬಂದಿದ್ದರು. ಮೆರವಣಿಗೆಯಲ್ಲಿ ಹುಡುಗರು ಜಯಕಾರ ಹಾಕಿ ಹಾಕಿ ಮಧ್ಯಾಹ್ನದ ಹೊತ್ತಿಗೆ ಯಾರ ಗಂಟಲಲ್ಲೂ ದನಿ ಉಳಿದಿರಲಿಲ್ಲ. ಗುರುತಿಲ್ಲದವರು ಗುರುತಿಲ್ಲದವರ ಬಾಯಿಗೆ ಸಕ್ಕರೆ ಹಾಕುತ್ತಿದ್ದರು. ನನ್ನ ಬಾಯಿಗೂ ಒಬ್ಬ ಮುದುಕಿ ಹಾಕಿದಳು.

ಮೂರನೆಯ ಪ್ರಹರಕ್ಕೆ ಕಾಲೇಜಿನ ಮೈದಾನದಲ್ಲಿ ಆಟಗಳು. ಖಾಸಿಂಸಾಬ ಸುಣ್ಣದ ಗೆರೆಗಳನ್ನು ಎಳೆದಿದ್ದ. ಒಂದು ಬದಿಗೆ ಹೆಂಗಸರಿಗೆ ಜಮಖಾನೆ ಹಾಸಿದ್ದರು. ನಾನು ನೀಲಗಂಗವ್ವನ ಬೆನ್ನ ಹಿಂದೆ, ಅವರ ಭುಜದ ಮೇಲಿಂದ ಕಾಣುವ ಹಾಗೆ ಕೂತೆ. ಎದುರಿಗೆ ಕುರ್ಚಿಯಲ್ಲಿ ಸಾವಕಾರರು, ಎದೆಯ ಮೇಲೆ ರೇಶಿಮೆ ಪಟ್ಟಿ. ಓಟ ಆಯಿತು, ಹಗ್ಗ ಜಗ್ಗಾಟ ಆಯಿತು. ಕಡೆಗೆ ಖೋ ಖೋ ಪ್ರದರ್ಶನ. ಅದು ಮುಗಿದು ಹುಡುಗರು ಇನ್ನೂ ತಮ್ಮ ತಮ್ಮ ಚೌಕಗಳಲ್ಲೇ ಸಾಲಾಗಿ ಕೂತು ಏದುಸಿರು ಬಿಡುತ್ತಿದ್ದಾಗ, ಮಾಸ್ತರರು ಮೆಲ್ಲಗೆ ಮೈದಾನದ ನಡುವಿಗೆ ನಡೆದರು. ಚಪ್ಪಲಿಯನ್ನು ಗೆರೆಯ ಹೊರಗೇ ಬಿಟ್ಟಿದ್ದರು.

"ಹೇಮಪ್ಪಾ, ಬಾ ಇಲ್ಲಿ."

ನಮ್ಮ ಮನೆಯವರು ಓಡಿ ಹೋಗಿ ಎದುರಿಗೆ ನಿಂತರು.

"ತಲಿ ಬಗ್ಗಸು."

ಅವರು ಬಗ್ಗಿಸಿಯೇ ಬಿಟ್ಟಿದ್ದರು. ಅಷ್ಟರಲ್ಲಿ ಮಾಸ್ತರರ ಕೈ ರುಮಾಲಿಗೆ ಹೋದದ್ದು ಕಂಡಿತು. ಕೆಂಡ ಮೆಟ್ಟಿದವರ ಹಾಗೆ ಹಿಂದಕ್ಕೆ ಜಿಗಿದರು.

"ಬ್ಯಾಡ್ರಿ ಸರ!"

"ಬಗ್ಗಸಲೇ."

"ಒಲ್ಲೆರಿ. ನಿಮ್ಮ ಕಾಲ ಬೀಳ್ತೀನಿ."

"ಬೀಳು ಮತ್ತ. ಬಿದ್ರ ತಲಿ ಸಿಗತೈತಿ."

ಬೀಳಲಿಲ್ಲ. ಮಾಸ್ತರರು ಒಂದು ಹೆಜ್ಜೆ ಮುಂದಿಟ್ಟರೆ ಇವರು ಒಂದು ಹೆಜ್ಜೆ ಹಿಂದೆ. ಬಿಚ್ಚಿದ ರುಮಾಲು ಮಾಸ್ತರರ ಕೈಯಿಂದ ಇಳಿದು ಹಿಂದೆ ಮಾರುಗಟ್ಟಲೆ ಎಳೆದುಕೊಂಡು ಬರುತ್ತಿತ್ತು. ಜನಕ್ಕೆ ಇದೂ ಒಂದು ಆಟವೆನಿಸಿ ಚಪ್ಪಾಳೆ ಶುರುವಾಯಿತು. ಮಾಸ್ತರರು ನಿಂತು ಉಸಿರು ತೆಗೆದುಕೊಂಡರು. ತಮ್ಮ ಮೊಣಕಾಲು ನೋಡಿಕೊಂಡರು. ಪಕ್ಕದಲ್ಲಿ ಸಾಲಾಗಿ ಕೂತಿದ್ದ ಹುಡುಗರನ್ನು ನೋಡಿದರು. ಒಬ್ಬನ ಬೆನ್ನು ಮುಟ್ಟಿ ದೊಡ್ಡ ದನಿಯಲ್ಲಿ ಕೂಗಿದರು.

"ಖೋ!"

ಯಾಕೆ, ಏನು ಎಂದು ಹುಡುಗ ಕೇಳಲಿಲ್ಲ. ಬೆನ್ನಿಗೆ ಖೋ ಬಿದ್ದರೆ ಏಳಬೇಕೆಂದು ಅವನಿಗೆ ಕಲಿಸಿದ್ದವರು ನಮ್ಮ ಮನೆಯವರೇ. ಬಾಣದ ಹಾಗೆ ಎದ್ದ. ಇವರು ಸಾಲಿನ ಈ ಕಡೆಯಿಂದ ಆ ಕಡೆಗೆ ನುಸುಳಿದರು. ಅವನು ಇನ್ನೊಬ್ಬನಿಗೆ ಖೋ ಕೊಟ್ಟ, ಅವನು ಮತ್ತೊಬ್ಬನಿಗೆ. ಹೊರಗೆ ಓಡಿಹೋಗಿದ್ದರೆ ಆಗಿಹೋಗುತ್ತಿತ್ತು. ಆದರೆ ಖೋ ಎಂಬ ಕೂಗು ಕಿವಿಗೆ ಬಿದ್ದ ಮೇಲೆ ಮೈದಾನ ಬಿಡುವುದು ಇವರ ಕಾಲುಗಳಿಗೆ ಗೊತ್ತಿರಲಿಲ್ಲ. ಕಂಬ ಸುತ್ತಿದರು, ಬಗ್ಗಿದರು, ಹುಡುಗರ ಚಾಚಿದ ಕೈಗಳ ಕೆಳಗೆ ಮೀನಿನ ಹಾಗೆ ಜಾರಿದರು. ಒಬ್ಬ ಹುಡುಗ ಹಾರಿ ಹಿಡಿಯಹೋಗಿ ಸುಣ್ಣದ ಗೆರೆಯ ಮೇಲೆ ಬಿದ್ದು ಮೂಗು ಬೆಳ್ಳಗೆ ಮಾಡಿಕೊಂಡ. ಜನ ಎದ್ದು ನಿಂತಿದ್ದರು. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವರು ಚನ್ನಬಸವಣ್ಣ ಸಾವಕಾರರು. ಹೊಟ್ಟೆ ಕುಣಿಸುತ್ತ, ಶಲ್ಯ ಬೀಸುತ್ತ ಅವರು ಕುರ್ಚಿಯ ಮೇಲೇ ಹತ್ತಿದ್ದರು.

"ಹಿಡೀರಲೇ! ಬಿಡಬ್ಯಾಡ್ರಿ! ಹಿಡೀರಿ ಅವನ್ನ!"

ಯಾತಕ್ಕೆ ಹಿಡಿಯಬೇಕೆಂದು ಅವರಿಗೆ ಗೊತ್ತಿರಲಿಲ್ಲ.

ನಾನು ಜನರ ತಲೆಗಳ ನಡುವೆ ಇವರೊಬ್ಬರನ್ನೇ ನೋಡುತ್ತಿದ್ದೆ. ಹುಡುಗರ ಉಸಿರು ಮುಗಿಯುತ್ತ ಬಂದಿತ್ತು, ಇವರದು ಇನ್ನೂ ಶುರುವೇ ಆಗಿರಲಿಲ್ಲ. ಇವರನ್ನು ಯಾರೂ ಮುಟ್ಟಲಾರರು. ಹುಡುಗರು ಸೋತು ಕೂತ ಮೇಲೆ ಇವರು ಮಾಸ್ತರರಿಗೆ ಅಲ್ಲಿಂದಲೇ ಕೈ ಮುಗಿದು ಮನೆಗೆ ಬರುತ್ತಾರೆ. ಹಬ್ಬ ಮುಗಿದರೆ ರೈಲು. ಕೊನೆಯ ಹುಡುಗ ಕಂಬ ಹಿಡಿದು ನಿಂತೇ ಬಿಟ್ಟ. ಮಾಸ್ತರರು ರುಮಾಲಿನ ರಾಶಿಯನ್ನು ಎದೆಗೆ ಅವಚಿಕೊಂಡು, ಬಾಯಿ ತೆರೆದು, ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದರು. ಇವರು ಅವರ ಕಡೆಗೊಮ್ಮೆ ನೋಡಿ, ಬೆನ್ನು ತಿರುಗಿಸಿ ರಸ್ತೆಯ ಕಡೆಗೆ ಹೊರಟರು.

ನಾನು ಎದ್ದು ನಿಂತದ್ದು ನನಗೆ ಗೊತ್ತಾಗಲಿಲ್ಲ.

"ಹೇಮಪ್ಪಾ! ನಿಂದರ್ರಿ!"

ನಮ್ಮ ಕಡೆ ಗಂಡನ ಹೆಸರನ್ನು ಹೆಂಡತಿಯಾದವಳು ಬಾಯಿಂದ ಅನ್ನುವುದಿಲ್ಲ. ಮದುವೆಯಲ್ಲಿ, ಹಬ್ಬದಲ್ಲಿ ಸುತ್ತ ನಿಂತು ಕಾಡಿದರೆ ಒಡಪು ಕಟ್ಟಿ, ಅದರ ಕೊನೆಗೆ ಹೆಸರನ್ನು ಸಿಕ್ಕಿಸಿ, ಮುಖ ಮುಚ್ಚಿಕೊಂಡು ಓಡುತ್ತೇವೆ. ನಾನು ನನ್ನ ಮದುವೆಯಲ್ಲಿ ಅಷ್ಟನ್ನೂ ಅಂದಿರಲಿಲ್ಲ. ಅವ್ವ ಚಿವುಟಿದರೂ ಬಾಯಿ ಬಿಟ್ಟಿರಲಿಲ್ಲ. ಈಗ ಇಡೀ ಗದಗ ಬೆಟಗೇರಿಯ ಎದುರಿಗೆ, ದನ ಕಾಯುವವಳು ಹೊಲದ ಆಚೆಗೆ ಕೂಗುವ ಹಾಗೆ ಕೂಗಿದ್ದೆ.

ನನ್ನ ಎರಡೂ ಬದಿಯ ಹೆಂಗಸರ ಕೈ ಬಾಯಿಗೆ ಹೋಗಿದ್ದವು. ನಮ್ಮ ಮನೆಯವರು ನಿಂತಿದ್ದರು. ಎತ್ತಿದ ಕಾಲು ಇನ್ನೂ ನೆಲಕ್ಕೆ ಇಳಿದಿರಲಿಲ್ಲ. ತಿರುಗಿ, ಜನರಲ್ಲಿ ನನ್ನನ್ನು ಹುಡುಕಿದರು. ಕಣ್ಣಿಗೆ ಕಣ್ಣು ಕೂಡಿತು. ನಾನು ನೆಲ ನೋಡಲಿಲ್ಲ. ಏನು ನೋಡಿದರೋ, ಕಾಲು ಇಳಿಸಿದರು. ಹೊರಡಲಿಲ್ಲ.

ಮಾಸ್ತರರು ಆ ಹೊತ್ತನ್ನು ಹಾಳು ಮಾಡಲಿಲ್ಲ. ಕುಂಟುತ್ತ ಬಂದು ಹಿಂದಿನಿಂದ ತಲೆ ಹಿಡಿದು, ಸುತ್ತಿದರು, ಸುತ್ತಿದರು. ಅವಸರದಲ್ಲಿ ಸುತ್ತಿದ ರುಮಾಲು ಒಂದು ಕಣ್ಣಿನ ಮೇಲೆ ಬಂದು ಕೂತಿತು. ಇನ್ನೊಂದು ಕಣ್ಣಿನಲ್ಲಿ ನೀರಿತ್ತು. "ಆತು ನೋಡು," ಎಂದರು ಮಾಸ್ತರರು, "ಇಷ್ಟಕ್ಕ ಎಷ್ಟ ಓಡಿಸಿದೆಲೇ ನನ್ನ."

"ನೀವೆಲ್ಲಿ ಓಡಿದ್ರಿ ಸರ," ಎಂದ ಮೂಗು ಬಿಳಿಯಾಗಿದ್ದ ಹುಡುಗ.

ಆಗ ಸಾವಕಾರರಿಗೆ ಬೆಳಕಾಯಿತು. ಕುರ್ಚಿಯಿಂದ ಇಳಿದರು.

"ಏ ಉಳವ್ಯಾ! ಇದೇನ ಮಾಡಿದಿ?"

"ನಿಮ್ಮ ಮಾತಿನಂಗ ಮಾಡೀನ್ರಿ. ಹಿಡೀರಿ ಹಿಡೀರಿ ಅಂತ ಕುರ್ಚಿ ಹತ್ತಿದವರು ಯಾರು?"

ಜನ ಹೋ ಎಂದು ನಕ್ಕರು. ಸಾವಕಾರರು ಬೂಟು ಕಳಚಿ, ಬರಿಗಾಲಲ್ಲಿ ಗೆರೆ ದಾಟಿ ಬಂದು ಇಬ್ಬರ ಮುಂದೆ ನಿಂತರು. ರುಮಾಲನ್ನು ನೋಡಿದರು. ಬಿಚ್ಚಲೆಂಬಂತೆ ಕೈ ಎತ್ತಿದರು. ಅವರು ರುಮಾಲನ್ನು ಸ್ವಲ್ಪ ಮೇಲಕ್ಕೆ ಸರಿಸಿ, ನಮ್ಮ ಮನೆಯವರ ಮುಚ್ಚಿದ ಕಣ್ಣನ್ನು ಹೊರಗೆ ಬಿಟ್ಟರು. ಆಮೇಲೆ ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದು ಹಣೆಗೆ ಹಚ್ಚಿಕೊಂಡರು.

"ಮಣ್ಣಿನ್ಯಾಗ ಆದದ್ದು ಆತು. ಕಮಿಟಿಯವ್ರಿಗೆ ನಾ ಹೇಳ್ತೀನಿ." ಮಾಸ್ತರರ ಕಡೆ ತಿರುಗಿದರು. "ಲಕ್ಷ್ಮೇಶ್ವರದಾಗ ಗರಡಿ ತೆಗಿಯೂ ದಿನ ನನ್ನ ಕರೀಲಿಲ್ಲಂದ್ರ ನೋಡು, ಮಗನ!"

"ಲಂಗೋಟಿ ತರ್ರಿ," ಎಂದರು ಮಾಸ್ತರರು. "ಬರೀ ಮಾತಿಗೆ ಬರಬ್ಯಾಡ್ರಿ."

ಮುದುಕರಿಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತಾಗ ಹುಡುಗರು ಅವರನ್ನೂ ನಮ್ಮ ಮನೆಯವರನ್ನೂ ಒಟ್ಟಿಗೇ ಎತ್ತಲು ಹೋದರು. ಮಾಸ್ತರರ ಭಾರಕ್ಕೆ ಎಲ್ಲರೂ ಕೂಡಿ ಉರುಳಿದರು. ಮೈದಾನ ತುಂಬ ನಗು, ಸುಣ್ಣ, ಧೂಳು.

ನಾನು ಸೆರಗು ಎಳೆದುಕೊಂಡು ಕೂತೆ. ನೀಲಗಂಗವ್ವ ನನ್ನ ಕೈ ಹಿಡಿದುಕೊಂಡಿದ್ದರು. ಅವರ ಮೈಯೆಲ್ಲ ನಗುವಿನಿಂದ ಅಲುಗುತ್ತಿತ್ತು.

"ಹೆಸರ ಹೇಳಿ, ನಿಂದರ್ರಿ ಅಂತ ಮ್ಯಾಲೆ ಮರ್ಯಾದಿ ಬ್ಯಾರೆ!" ಎಂದರು. "ನನಗ ಈ ಬುದ್ಧಿ ಹರೇದಾಗ ಬಂದಿದ್ರ ನಮ್ಮವರನ್ನ ಎಷ್ಟ ಕಡೆ ನಿಂದರಸ್ತಿದ್ನೋ."

ಸಂಜೆ ದೀಪ ಹಚ್ಚುವ ಹೊತ್ತಿಗೆ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ನಮ್ಮ ಕಟ್ಟೆಗೆ ಬಂದರು. ಒಬ್ಬಳು ಕಡಬು ತಂದಳು, ಒಬ್ಬಳು ಬರಿಗೈಯಲ್ಲೇ ಬಂದಳು. ನನ್ನನ್ನು ಮಾತಾಡಿಸುವುದನ್ನು ಬಿಟ್ಟಿದ್ದವರೆಲ್ಲ ಇದ್ದರು. "ಹೆಂಗ ಕೂಗಿದೆಬೇ ಮಂಜವ್ವ? ಇನ್ನೊಮ್ಮಿ ಹೇಳು, ನಾ ದೂರ ಇದ್ದೆ, ನನಗ ಪೂರ್ತಿ ಕೇಳಲಿಲ್ಲ." "ಆಮ್ಯಾಲೆ ನಿನ್ನ ಗಂಡ ಬೈದನೇನು?" "ಬೈತಾನ? ನೋಡಲ್ಲಿ, ರುಮಾಲ ತೆಗೀದ ಕುಂತಾನ." ನಾನು ಮೊದಲಿಂದ ಹೇಳಿದೆ, ವೀಳ್ಯದಿಂದ ಹಿಡಿದು. ಖಾಸಿಂಸಾಬನ ಹಾಗೆ ಗಲ್ಲ ಉಬ್ಬಿಸಿಯೂ ತೋರಿಸಿದೆ. ಅವರು ಕಂಬಕ್ಕೆ ಆತು ಬಿದ್ದು ಬಿದ್ದು ನಕ್ಕರು. ಇಷ್ಟು ದಿನ ಇದನ್ನೆಲ್ಲ ಎಲ್ಲಿ ಮುಚ್ಚಿಟ್ಟಿದ್ದೆ ಎಂದು ಕೇಳಿದರು. ನಾಳೆ ತಮ್ಮ ಮನೆಗೆ ಬರಬೇಕೆಂದು ಇಬ್ಬರು ಜಗಳಾಡಿದರು.

ಅವರೆಲ್ಲ ಹೋದ ಮೇಲೆ ಒಳಗೆ ಬಂದೆ. ನಮ್ಮ ಮನೆಯವರು ಗೋಡೆಗೆ ಒರಗಿ ಕೂತಿದ್ದರು.

"ಸೋಲಾಪುರದವರಿಗೆ ನಾಳೆ ಹೇಳಿಕಳಸ್ತೀನಿ, ಬರಂಗಿಲ್ಲ ಅಂತ," ಎಂದರು. ಆಮೇಲೆ ನನ್ನ ಕಡೆ ನೋಡದೆ, "ಇನ್ನೊಮ್ಮಿ ಕರಿ ನೋಡೂಣು," ಎಂದರು.

ಒಲೆಯ ಮೇಲಿನ ಹಂಚು ಇಳಿಸಿ, ತಾಟು ಹಾಕಿ, ನೀರಿನ ತಂಬಿಗೆ ಇಟ್ಟೆ. ಬಾಗಿಲಾಚೆಯ ಕಟ್ಟೆಯಲ್ಲಿ ಮಾಸ್ತರರು ಯಾರಿಗೋ ಲಕ್ಷ್ಮೇಶ್ವರದ ಮಣ್ಣಿನ ಗುಣ ವರ್ಣಿಸುತ್ತಿದ್ದರು.

"ಬರ್ರಿ, ಉಣ್ಣಾಕ," ಎಂದೆ.

"ಯಾರನ್ನ ಕರದಿ?"

"ಜಿಮಖಾನಾ ಮಾಸ್ತರನ್ನ," ಎಂದೆ.